ಚೆಕಿಂಗ್ ಅಕ್ಕ ಸ್ಪ್ಯಾನಿಷ್ ಕಲಿಯಲು ಹೊರಟದ್ದು

ಚೆಕಿಂಗ್ ಅಕ್ಕನ ಕಣ್ಣಿಗೆ ಬಿದ್ದ ತಪ್ಪು ಇವತ್ತಿನವರೆಗೂ ತಪ್ಪಿಸಿಕೊಂಡು ಹೋದದ್ದಿಲ್ಲ. ಗಾರ್ಮೆಂಟ್ ಕಾರ್ಖಾನೆಯ ಕೊನೆಯ ಸಾಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬಿಳಿ ಮೇಜಿನ ಮುಂದೆ ನಿಂತು ಹೊಲಿದು ಬಂದ ಅಂಗಿಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಅಂಗಿಯನ್ನು ಕೊರಳು ಹಿಡಿದು ಒಮ್ಮೆ ಕೊಡವಿ, ಕಾಲರ್, ತೋಳು, ಜೇಬು, ಗುಂಡಿ, ಕೆಳಗಿನ ಅಂಚು ಎಂದು ಕಣ್ಣು ಹಾಯಿಸುತ್ತಾಳೆ. ಎಲ್ಲೋ ಒಂದು ಹೊಲಿಗೆ ಹಾರಿದ್ದರೆ, ಗುಂಡಿಯೊಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ, ಅಲ್ಲಿಗೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ, ಹೊಲಿದವಳ ಕಡೆಗೆ ವಾಪಸ್ಸು ಎಸೆಯುತ್ತಾಳೆ. ಸ್ವತಃ ದೇವರೇ ಎದುರಿಗೆ ಬಂದು ನಿಂತರೂ ಅಕ್ಕ ಮೊದಲು ಅವನ ಕಾಲರ್ ನೋಡುತ್ತಾಳೆ ಎಂದು ಹೊಲಿಗೆ ಸಾಲಿನ ಹುಡುಗಿಯರು ಹೇಳಿಕೊಂಡು ನಗುತ್ತಾರೆ. ಅಕ್ಕನಿಗೆ ಅದು ಗೊತ್ತು. ಅದನ್ನವಳು ಹೊಗಳಿಕೆ ಎಂದೇ ತಿಳಿದಿದ್ದಾಳೆ.

ಕೆಲಸ ಮುಗಿದರೆ ಕೈ ನಿಲ್ಲುತ್ತದೆ, ಕಣ್ಣು ನಿಲ್ಲಬೇಕಲ್ಲ. ಬಸ್ಸಿನ ಸೀಟಿನ ಹೊದಿಕೆ ಸೊಟ್ಟ, ಬ್ಯಾಂಕಿನ ಬೋರ್ಡಿನ ಅಕ್ಷರ ಸೊಟ್ಟ, ಎದುರು ಮನೆಯವರ ನಗು ಸೊಟ್ಟ. ಮೊಸರಿನಲ್ಲಿ ಕಲ್ಲು ಹುಡುಕುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಕ್ಕನ ವಿಶೇಷವೆಂದರೆ, ಅವಳು ಹುಡುಕಿದಾಗಲೆಲ್ಲ ಕಲ್ಲು ಸಿಕ್ಕೇ ಸಿಗುತ್ತಿತ್ತು. ನೀರಿನ ಪಂಪು ರಿಪೇರಿ ಮಾಡುವ ಅವಳ ಗಂಡ ಮಾತು ಕಡಿಮೆಯ ಮನುಷ್ಯ. ಆದರೂ ನೆಂಟರ ಮುಂದೆ ಒಂದು ಮಾತನ್ನು ಮಾತ್ರ ತಪ್ಪದೆ ಹೇಳುತ್ತಿದ್ದ: "ಇವಳ ಕೈಯಲ್ಲಿ ಪಾಸಾಗಿದ್ದು ಅಂದ್ರೆ ನಾನೊಬ್ಬನೇ. ಅದೂ ಹೆಣ್ಣು ನೋಡೋಕೆ ಹೋದ ದಿನ ಅವರ ಮನೇಲಿ ಕರೆಂಟ್ ಹೋಗಿತ್ತು."

ಹಾಗಂತ ಅವಳು ಕೆಟ್ಟವಳೆಂದು ಯಾರೂ ತಿಳಿಯಬಾರದು. ನೆರೆಮನೆಯಲ್ಲಿ ಕಾಯಿಲೆ ಎಂದರೆ ಮೊದಲು ಓಡುವವಳು ಅವಳೇ. ಹೋಗಿ ಗಂಜಿ ಕಾಯಿಸಿ ಕೊಡುತ್ತಾಳೆ, ಮಾತ್ರೆ ನುಂಗಿಸುತ್ತಾಳೆ, ಜತೆಗೆ ಹಾಸಿಗೆ ಹಾಸಿದ ರೀತಿ ಸರಿಯಿಲ್ಲ ಎಂದೂ ಹೇಳಿ ಬರುತ್ತಾಳೆ. ಅವಳ ಲೆಕ್ಕದಲ್ಲಿ ತಪ್ಪು ತೋರಿಸುವುದೇ ಪ್ರೀತಿ. ತನ್ನವರಲ್ಲದವರ ಅಂಗಿ ಹರಿದರೇನು, ಮಾಸಿದರೇನು? ನಮ್ಮವರು ಎಂದ ಮೇಲೆ ನಾವು ಹೇಳದೆ ಇನ್ಯಾರು ಹೇಳಬೇಕು? ಇಂಥ ಪ್ರೀತಿಯನ್ನು ಗಂಡ ಪಂಪಿನ ಸದ್ದಿನಲ್ಲಿ ಕಿವಿ ಮಂದ ಮಾಡಿಕೊಂಡು ತಾಳಿಕೊಂಡ. ಮಗ ಹಡಗು ಹತ್ತಿ ತಾಳಿಕೊಂಡ. ಸೊಸೆಗೆ ಎರಡು ದಾರಿಯೂ ಇರಲಿಲ್ಲ.

ಮಗ ಹಡಗುಗಳ ಶೀತಲ ಕೋಣೆ ರಿಪೇರಿ ಮಾಡುವವನು. ದೂರದ ಬಂದರೊಂದರಲ್ಲಿ ಹಡಗು ಕೆಟ್ಟು ನಿಂತಾಗ, ದೋಣಿಗೆ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂತ ಹುಡುಗಿಯೊಬ್ಬಳನ್ನು ಕಂಡು, ಕೆಲಸವಿಲ್ಲದಿದ್ದರೂ ದಿನಾ ಆ ದಡಕ್ಕೂ ಈ ದಡಕ್ಕೂ ಓಡಾಡಿದನಂತೆ. ಆ ಹುಡುಗಿಯ ಭಾಷೆ ಸ್ಪ್ಯಾನಿಷ್. ಬಾಯಿ ಎಂದರೆ ಬಾಯಿ. ಟಿಕೆಟ್ ಹರಿದು ಕೊಡುವಷ್ಟರಲ್ಲಿ ಪ್ರಯಾಣಿಕನ ಮಂಡಿನೋವಿನಿಂದ ಹಿಡಿದು ಅವನ ನಾದಿನಿಯ ಜಗಳದವರೆಗೆ ಎಲ್ಲ ವಿಚಾರಿಸಿಕೊಳ್ಳುತ್ತಿದ್ದಳು. ಮದುವೆಗೆ ಮುಂಚೆ ಫೋನಿನಲ್ಲೇ ಮಗನಿಂದ ಅಷ್ಟಿಷ್ಟು ಕನ್ನಡ ಕಲಿತಳು. ಸೂಟ್‌ಕೇಸ್ ಹಿಡಿದು ಅಕ್ಕನ ಮನೆಯ ಬಾಗಿಲಿಗೆ ಬಂದವಳು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಕಣ್ಣರಳಿಸಿ ಹೇಳಿದಳು: "ಅತ್ತೆ, ನಾನು ನಿಮ್ಮ ಮನೆಗೆ ಬಂದಿತು."

ಅಕ್ಕನಿಗೆ ಎದೆ ತುಂಬಿ ಬಂತು. ಸೊಸೆಯ ಗಲ್ಲ ಹಿಡಿದು, ಅಕ್ಕರೆಯಿಂದಲೇ, "ಬಂದಿತು ಅಲ್ಲಮ್ಮ, ಬಂದೆ. ಎಲ್ಲಿ, ಇನ್ನೊಂದ್ಸಲ ಹೇಳು" ಎಂದಳು. ಮೊದಲ ಬಾಣ ಹೊಸ್ತಿಲಲ್ಲೇ ಅಂಟಿತು.

ಆಮೇಲೆ ದಿನಕ್ಕೆಷ್ಟು ಬಾಣವೋ. ಒಮ್ಮೆ ಅಕ್ಕ ನಡುಮನೆಯಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಗ ಸೊಸೆ ಅಡುಗೆಮನೆಯಿಂದ ಗಾಬರಿಯಲ್ಲಿ ಓಡಿಬಂದು, "ಅತ್ತೆ, ಹಾಲು ಉಕ್ಕುತ್ತಾಳೆ" ಎಂದಳು. ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿದಳು. "ಉಕ್ಕುತ್ತಾಳೆ ಅಲ್ಲ, ಉಕ್ಕುತ್ತೆ. ಹಾಲು ಏನು ಹೆಂಗಸಾ? ನಿಧಾನಕ್ಕೆ ಹೇಳು." ಸೊಸೆ ಒಲೆಯ ಕಡೆ ನೋಡುತ್ತ, ಅತ್ತೆಯ ಕಡೆ ನೋಡುತ್ತ, ನಿಧಾನಕ್ಕೆ ಹೇಳಿದಳು. ಮಾತು ಸರಿಯಾಗುವ ಹೊತ್ತಿಗೆ ಪಾತ್ರೆ ಖಾಲಿಯಾಗಿ, ಒಲೆ ಆರಿ, ಹಾಲು ಅಡುಗೆಮನೆಯ ಹೊಸ್ತಿಲು ದಾಟಿ ಅವರಿಬ್ಬರ ಕಾಲಡಿಗೇ ಬಂದಿತ್ತು. ಅದನ್ನು ಒರೆಸಿದ್ದೂ ಅಕ್ಕನೇ. ಒರೆಸುತ್ತ, "ಹಾಲು ಹೋದ್ರೆ ಹೋಗಲಿ, ಮಾತು ಬಂತಲ್ಲ" ಎಂದು ಸಮಾಧಾನ ಹೇಳಿದ್ದೂ ಅವಳೇ.

ಮಾತು ಬಂತೋ, ಹೋಯಿತೋ. ಮೊದಮೊದಲು ಉದ್ದುದ್ದ ಮಾತಾಡುತ್ತಿದ್ದ ಸೊಸೆ ಬರಬರುತ್ತ ಮಾತು ಮೊಟಕು ಮಾಡಿದಳು. ಕೊನೆಗೆ ಅವಳ ಬಾಯಲ್ಲಿ ಉಳಿದದ್ದು ಹೌದು, ಇಲ್ಲ, ಸರಿ ಎಂಬ ಮೂರೇ ಪದ. ಆ ಮೂರರಲ್ಲಿ ತಪ್ಪು ಹುಡುಕಲು ಅಕ್ಕನಿಂದಲೂ ಆಗಲಿಲ್ಲ. ಕಾರ್ಖಾನೆಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಹೆಮ್ಮೆಯಿಂದ ಹೇಳಿಕೊಂಡಳು: "ನನ್ನ ಸೊಸೆ ಈಗ ಒಂದೂ ತಪ್ಪು ಮಾತಾಡಲ್ಲ." ಸುಳ್ಳೇನಲ್ಲ.

ಮಗ ರಜೆಗೆ ಬಂದವನು ಎರಡೇ ದಿನಕ್ಕೆ ಇದನ್ನು ಕಂಡುಕೊಂಡ. ಹೆಂಡತಿ ಒಳಗೆ ಬಟ್ಟೆ ಮಡಚುತ್ತಿದ್ದಾಗ ತಾಯಿಯನ್ನು ಬಾಲ್ಕನಿಗೆ ಕರೆದ.

"ಅಮ್ಮಾ, ಅವಳು ಇಲ್ಲಿ ಮಾತಾಡೋದನ್ನೇ ಬಿಟ್ಟಿದಾಳೆ. ಹೀಗೇ ಆದ್ರೆ ನಾವು ಬೇರೆ ಮನೆ ನೋಡ್ಕೋಬೇಕಾಗುತ್ತೆ. ನಾನು ಹಡಗಲ್ಲಿರ್ತೀನಿ, ಇವಳು ಗೋಡೆ ನೋಡ್ತಾ ಕೂತಿರ್ತಾಳೆ. ನಂಗೆ ಅಲ್ಲಿ ನಿದ್ದೆ ಬರಲ್ಲ."

ಬೇರೆ ಮನೆ ಎಂಬ ಮಾತು ಅಕ್ಕನ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅವಳಿಗೆ ಈ ಹುಡುಗಿ ಬೇಕಾಗಿದ್ದಳು. ಹೆಣ್ಣುಮಕ್ಕಳಿಲ್ಲದ ಮನೆಗೆ ಬಂದವಳು, ಸಂಜೆ ತಾನು ಬರುವಾಗ ಬಾಗಿಲು ತೆರೆಯುವವಳು, ಕಾಲು ಊದಿದ ದಿನ ಕೇಳದೆಯೇ ಬಿಸಿನೀರು ತಂದಿಡುವವಳು. ಇವಳು ಹೋದರೆ ಮನೆಯಲ್ಲಿ ಉಳಿಯುವುದು ತಾನು, ಪಂಪಿನ ಯಜಮಾನ ಮತ್ತು ಗೋಡೆ ಗಡಿಯಾರ. ಅಕ್ಕ ಯೋಚಿಸಿದಳು, ಕಾರಣ ಹುಡುಕಿದಳು, ಹುಡುಕುವುದರಲ್ಲಿ ಪಳಗಿದವಳಲ್ಲವೇ, ಕೂಡಲೇ ಸಿಕ್ಕಿತು: ಪಾಪ, ಹುಡುಗಿಗೆ ಅವಳ ಭಾಷೆಯಲ್ಲಿ ಮಾತಾಡಲು ಜನವಿಲ್ಲ. ತಾನೇ ಸ್ಪ್ಯಾನಿಷ್ ಕಲಿತುಬಿಟ್ಟರೆ ಎಲ್ಲ ಸರಿಹೋಗುತ್ತದೆ. ತನ್ನ ನಾಲಿಗೆಯನ್ನು ಸ್ವಲ್ಪ ಕಟ್ಟಿಹಾಕುವ ಬದಲು ಇನ್ನೊಂದು ಹೊಸ ನಾಲಿಗೆ ಬೆಳೆಸಲು ಹೊರಟಳು, ಪುಣ್ಯಾತ್ಗಿತ್ತಿ.

"ಮನೇಲೇ ಇದಾಳಲ್ಲ, ಅವಳನ್ನೇ ಕೇಳು," ಎಂದ ಗಂಡ.

"ಹಿತ್ತಲ ಗಿಡ ಮದ್ದಲ್ಲ. ಅಲ್ಲದೆ ಸೊಸೆ ಮುಂದೆ ನಾನು ತಪ್ಪು ತಪ್ಪು ಮಾತಾಡೋದಾ? ಚೆನ್ನಾಗಿ ಕಲಿತು, ಒಂದೇ ಸಲ ಸರಿಯಾಗಿ ಮಾತಾಡಿ ತೋರಿಸ್ತೀನಿ. ಅಲ್ಲೀವರೆಗೂ ನೀವು ತುಟಿ ಪಿಟಿಕ್ ಅನ್ನಬಾರದು."

ಅವನಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ.

ಸರಿ, ಎಲ್ಲಿ ಕಲಿಯುವುದು? ಅಕ್ಕ ಅಳೆದಳು, ಸುರಿದಳು. ಮೊದಲು ಹೋದದ್ದು ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಸಂಸ್ಥೆಗೆ. ತಣ್ಣಗೆ ಏಸಿ, ಗೋಡೆಯ ತುಂಬ ನಗುವ ಮುಖಗಳು. ಸ್ವಾಗತದ ಹುಡುಗಿ ಆರು ತಿಂಗಳಲ್ಲಿ ಸ್ಪ್ಯಾನಿಷ್ ನೀರು ಕುಡಿದಂತೆ ಬರುತ್ತದೆ ಎಂದು ವಿವರಿಸುತ್ತಿದ್ದಳು. ಅಕ್ಕ ಕಿಟಕಿಯ ಪರದೆಯ ಅಂಚು ಮಗುಚಿ ನೋಡುತ್ತಿದ್ದಳು. ನೀಲಿ ಬಟ್ಟೆಗೆ ಕಪ್ಪು ದಾರ. ಒಂದು ಪರದೆ ಹೊಲಿಸಲು ಬರದವರು ಭಾಷೆ ಏನು ಕಲಿಸಿಯಾರು ಎಂದು ಎದ್ದುಬಂದಳು. ಎರಡನೆಯದು, ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಒಬ್ಬ ಮುದುಕನ ಮನೆಪಾಠ. ಅವನು ಒಂದು ಪದ ಹೇಳಿದರೆ ಒಳಗಿನಿಂದ ಅವನ ಹೆಂಡತಿ, "ಅದು ಬೈಗುಳ, ಅದನ್ನ ಹೇಳ್ಕೊಡಬೇಡಿ" ಎನ್ನುತ್ತಿದ್ದಳು. ಅವನು ಹೇಳಿಕೊಟ್ಟ ಪದಗಳಲ್ಲಿ ಆಕೆ ಬಿಟ್ಟುಕೊಟ್ಟದ್ದು ಈರುಳ್ಳಿ ಎಂಬುದೊಂದೇ. ರಿಜೆಕ್ಟ್. ಮೂರನೆಯದು ಫೋನಿನ ಆ್ಯಪು. ಅದರಲ್ಲೊಬ್ಬಳು ಮಧುರವಾಗಿ ಒಂದು ಮಾತು ಹೇಳುತ್ತಾಳೆ, ನಾವು ತಿರುಗಿ ಹೇಳಿದರೆ ಗಂಟೆ ಬಾರಿಸಿ ಭೇಷ್ ಎನ್ನುತ್ತಾಳೆ. ಅಕ್ಕನಿಗೆ ಅನುಮಾನ ಬಂತು. ಸ್ಪ್ಯಾನಿಷ್ ಬದಲು ಫೋನಿಗೆ ಬಾಯಿಟ್ಟು, "ನಿನ್ನ ತಲೆ" ಎಂದಳು. ಫೋನು ಗಂಟೆ ಬಾರಿಸಿತು, ನಕ್ಷತ್ರವನ್ನೂ ಕೊಟ್ಟಿತು. ತಪ್ಪಿಗೂ ಭೇಷ್ ಎನ್ನುವ ಗುರು ಯಾತಕ್ಕೆ ಎಂದು ಅದನ್ನೂ ಕಿತ್ತುಹಾಕಿದಳು.

ಕೊನೆಗೆ ಅವಳ ಮನಸ್ಸಿಗೆ ಬಂದದ್ದು ಗ್ರಂಥಾಲಯದ ಮಹಡಿಯ ಮೇಲೆ ಸಂಜೆ ನಡೆಯುವ ತರಗತಿ. ಕಿರುಗುಟ್ಟುವ ಕುರ್ಚಿಗಳು, ಒಂದು ಹಸಿರು ಬೋರ್ಡು, ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಂತ ತೆಳ್ಳನೆಯ ಹುಡುಗಿ. ವಿದ್ಯಾರ್ಥಿಗಳು ಅವಳನ್ನು ಕಡ್ಡಿ ಟೀಚರ್ ಎನ್ನುತ್ತಿದ್ದರು. ಅಕ್ಕ ನೋಡಲು ಹೋದ ದಿನ ಕಡ್ಡಿ ಟೀಚರ್ ಒಬ್ಬ ಬಸ್ ಡ್ರೈವರನ ಬಾಯಿಂದ ಒಂದೇ ಪದವನ್ನು ಹೇಳಿಸುತ್ತಿದ್ದಳು. ಅವನು ಹೇಳಿದ, ಅವಳು ಅಲ್ಲವೆಂದು ತಲೆಯಾಡಿಸಿದಳು. ಮತ್ತೆ ಹೇಳಿದ, ಮತ್ತೆ ತಲೆಯಾಡಿಸಿದಳು. ಮುಖದ ಮೇಲೆ ಕರುಣೆಯ ಒಂದು ಗೆರೆಯೂ ಇಲ್ಲ. ಅಕ್ಕನಿಗೆ ಕಳೆದುಹೋದ ತಂಗಿಯನ್ನು ಕಂಡಂತಾಯಿತು. ಅಲ್ಲೇ ಸೇರಿಕೊಂಡಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಕ್ಕ ಆ ಮಾತನ್ನೂ ಆಡುವ ಹಾಗಿರಲಿಲ್ಲ, ನೆಲ ಅವಳೇ ಆರಿಸಿದ್ದು. ಮೊದಲನೇ ದಿನ ಎದ್ದು ನಿಂತು ತಾನು ಯಾರು, ಏನು ಕೆಲಸ ಎಂದು ಸ್ಪ್ಯಾನಿಷಿನಲ್ಲಿ ಹೇಳಬೇಕಿತ್ತು. ಎರಡನೇ ಪದಕ್ಕೇ ಕಡ್ಡಿ ಟೀಚರ್ ಬೆರಳೆತ್ತಿದಳು. "ಹಾಗಲ್ಲ. ಇನ್ನೊಂದು ಸಲ ಹೇಳಿ." ಅಕ್ಕ ಹೇಳಿದಳು. "ಹಾಗಲ್ಲ." ಕಾರ್ಖಾನೆಯಲ್ಲಿ ಇಡೀ ಸಾಲಿಗೆ ಕೇಳುವಂತೆ ಗದರುವವಳಿಗೆ ತನ್ನ ಹೆಸರೇ ಅನುಮಾನವಾಯಿತು. ಮಾರನೇ ವಾರ ಹಿಂದಿನ ಸಾಲಿಗೆ ಹೋದಳು. ಅದರ ಮುಂದಿನ ವಾರ ಡ್ರೈವರನ ಅಗಲವಾದ ಬೆನ್ನಿನ ಹಿಂದೆ ಸೇರಿದಳು. ಡ್ರೈವರನಿಗೋ ಸಂಕೋಚವೆಂಬುದೇ ಇಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ಓಡಿಸಿದಂತೆ, ತಪ್ಪುಗಳ ಮೇಲೆಯೇ ಹತ್ತಿಸಿ ಇಳಿಸಿ ಮಾತಿನ ಕೊನೆ ಮುಟ್ಟಿಸುತ್ತಿದ್ದ. ಇಂಥವನ ಅಂಗಿಯಾಗಿದ್ದರೆ ಮೈತುಂಬ ಬಾಣ ಅಂಟಿಸುತ್ತಿದ್ದೆ ಎಂದು ಅಕ್ಕ ಒಳಗೇ ಕುದಿದಳು. ಆದರೆ ತರಗತಿ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಸ್ಪ್ಯಾನಿಷ್ ಮಾತಾಡಿಕೊಂಡು ನಗುತ್ತ ಇಳಿಯುತ್ತಿದ್ದವನು ಅವನೇ.

ಅರ್ಧ ವರ್ಷ ಕಳೆಯುವ ಹೊತ್ತಿಗೆ ಕಡ್ಡಿ ಟೀಚರ್ ಎಲ್ಲರಿಗೂ ಒಂದು ಮಾತು ಹೇಳಿದಳು. "ಇಲ್ಲಿ ಕಲಿತರೆ ಸಾಲದು. ಅಭ್ಯಾಸಕ್ಕೆ ಅಂತ ಹೊರಗೆ ಒಂದು ಜಾಗ ಆರಿಸ್ಕೊಳ್ಳಿ. ಎಲ್ಲಿ ಮಾತಾಡೋಕೆ ನಿಮಗೆ ಭಯ ಆಗಲ್ವೋ ಅಂಥ ಜಾಗ." ಒಬ್ಬೊಬ್ಬರೂ ತಮ್ಮ ಜಾಗ ಹೇಳಿದರು. ಡ್ರೈವರ್ ತನ್ನ ಕಂಡಕ್ಟರನ ಹೆಸರು ಹೇಳಿದ. ಅವನಿಗೆ ಸ್ಪ್ಯಾನಿಷ್ ಬರುತ್ತದೆಯೇ ಎಂದರೆ, ಇಲ್ಲ, ಆದರೆ ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ ಎಂದ. ಅಕ್ಕನ ಸರದಿ ಬಂದಾಗ, ಮನೆಯಲ್ಲಿ ಸ್ಪ್ಯಾನಿಷ್ ಸೊಸೆಯೇ ಇದ್ದಾಳೆ ಎಂದಳು. ಎಲ್ಲರೂ ತಿರುಗಿ ಅವಳನ್ನು ನೋಡಿದರು. "ಅಯ್ಯೋ, ಹಾಗಾದ್ರೆ ನೀವು ಇಲ್ಲಿ ಯಾಕೆ ಬರ್ತೀರಿ?" ಎಂದು ಡ್ರೈವರ್ ಕೇಳಿದ. ಅಕ್ಕ ಬಗ್ಗಿ, ಬೀಳದೇ ಇದ್ದ ಪೆನ್ನನ್ನು ಕುರ್ಚಿಯ ಕೆಳಗೆ ಹುಡುಕತೊಡಗಿದಳು.

ಈ ನಡುವೆ ಮನೆಯಲ್ಲೊಂದು ವಿಚಿತ್ರ ನಡೆಯುತ್ತಿತ್ತು. ಕೆಳಗೆ ಮೆಟ್ಟಿಲ ಸಂದಿಯಲ್ಲಿ ಒಬ್ಬಳು ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ಸೊಸೆ ದಿನಾ ಅಲ್ಲಿಗೆ ಬಟ್ಟೆ ಒಯ್ಯತೊಡಗಿದಳು. ಮೊದಲು ಅಂಗಿ, ಸೀರೆ. ಆಮೇಲೆ ದಿಂಬಿನ ಚೀಲ. ಆಮೇಲೆ ಕರವಸ್ತ್ರ, ಕೈ ಒರೆಸುವ ಬಟ್ಟೆ. ಒಂದು ದಿನ ಯಜಮಾನನ ಬನಿಯನ್ ಕೂಡ ಗರಿಗರಿಯಾಗಿ ಮಡಚಿಕೊಂಡು ಬಂತು. ಅದನ್ನು ತೊಟ್ಟು ಅವನು ಪಂಪು ಬಿಚ್ಚಲು ಮನಸ್ಸಾಗದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ. ಬಟ್ಟೆಯ ಲೋಕದಲ್ಲೇ ಕೂದಲು ನರೆತ ಅಕ್ಕನಿಗೆ ಇದು ಶುದ್ಧ ದಂಡ ಎನಿಸಿತು. ಆದರೆ ಹೇಳೋಣವೆಂದರೆ ಹುಡುಗಿ ಹೌದು, ಇಲ್ಲ, ಸರಿ ಮೂರರಲ್ಲಿ ಒಂದನ್ನು ಹೇಳಿ ಕೋಣೆಗೆ ಹೋಗುತ್ತಾಳೆ. ಬಿಟ್ಟಳು.

ಒಂದು ಸಂಜೆ ಕಡ್ಡಿ ಟೀಚರಿಗೆ ಜ್ವರ, ತರಗತಿ ಇರಲಿಲ್ಲ. ಅಕ್ಕ ಬೇಗನೆ ಮನೆಗೆ ಬಂದಳು. ಕಟ್ಟಡದ ಬಾಗಿಲು ದಾಟುವಾಗ ಇಸ್ತ್ರಿ ಅಂಗಡಿಯಿಂದ ನಗು ಕೇಳಿಸಿತು. ಯಾರೋ ಕನ್ನಡದಲ್ಲಿ ಪಟಪಟನೆ ಮಾತಾಡುತ್ತಿದ್ದರು. ಅದೂ ಎಂಥ ಕನ್ನಡ. ಗಂಡಸೆಲ್ಲ ಹೆಂಗಸು, ಕುರ್ಚಿಯೆಲ್ಲ ಗಂಡಸು, ನಿನ್ನೆಯೆಲ್ಲ ನಾಳೆ. ಅಕ್ಕನ ಕಿವಿ ತಾನಾಗಿಯೇ ತಪ್ಪುಗಳನ್ನು ಆರಿಸತೊಡಗಿತು. ಆರಿಸುತ್ತ ಆರಿಸುತ್ತ, ಆ ದನಿ ಯಾರದೆಂದು ತಿಳಿದು ಅವಳ ಕಾಲು ನಿಂತಲ್ಲೇ ನಿಂತಿತು. ಬಟ್ಟೆಯ ಗಂಟಿನ ಮೇಲೆ ಕೂತು, ಕೈ ಬೀಸಿ ಬೀಸಿ, ತನ್ನೂರಿನ ದೋಣಿಯ ಕಥೆ ಹೇಳುತ್ತಿದ್ದವಳು ಅವಳ ಸೊಸೆ. ಇಸ್ತ್ರಿಯವಳು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಒಂದು ತಪ್ಪನ್ನೂ ತಿದ್ದುತ್ತಿರಲಿಲ್ಲ. ಅವಳಿಗೆ ಕಥೆ ಬೇಕಾಗಿತ್ತು.

ಇಷ್ಟೊಂದು ಮಾತು ಈ ಹುಡುಗಿಯ ಬಾಯಲ್ಲಿ ಎಲ್ಲಿತ್ತು? ಅಕ್ಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹೊಟ್ಟೆಕಿಚ್ಚಾಯಿತು, ಕೊನೆಗೆ ಎರಡೂ ಹೋಗಿ ಬರೀ ನೋವು ಉಳಿಯಿತು. ಮಾತಾಡಲು ಭಯವಾಗದ ಜಾಗ ಆರಿಸಿಕೊಳ್ಳಿ ಎಂದಿದ್ದಳಲ್ಲ ಟೀಚರ್? ಸೊಸೆ ಎಂದೋ ಆರಿಸಿಕೊಂಡಿದ್ದಳು. ಮೇಲಿನ ಮನೆಯನ್ನು ಎಲ್ಲ ಕಡೆಯಿಂದ ನೋಡಿ, ಬೇಡವೆಂದು ಪಕ್ಕಕ್ಕಿಟ್ಟು, ಮೆಟ್ಟಿಲ ಸಂದಿಯನ್ನು ಪಾಸು ಮಾಡಿದ್ದಳು.

ಅಕ್ಕ ಸದ್ದಿಲ್ಲದೆ ಹೋಗಿಬಿಡುತ್ತಿದ್ದಳೇನೋ. ಅಷ್ಟರಲ್ಲಿ ಇಸ್ತ್ರಿಯವಳು, "ಕಥೆ ಸಾಕು, ಈಗ ನಿನ್ನ ಪಾಠ. ನಾನು ನಿಮ್ಮತ್ತೆ," ಎಂದಳು. ಎಂದವಳೇ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಸೊಂಟಕ್ಕೆ ಕೈಯಿಟ್ಟು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. ಅಕ್ಕನಿಗೆ ಕನ್ನಡಿ ನೋಡಿದಂತಾಯಿತು. ಸೊಸೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಒಂದೊಂದೇ ಪದ ಹೆಕ್ಕಿ ಹೇಳಿದಳು. "ಅತ್ತೆ, ಬರೋ ತಿಂಗಳಿಂದ ನಾವು ಬೇರೆ ಮನೇಲಿ ಇರ್ತಾರೆ."

"ಇರ್ತಾರೆ ಅಲ್ಲ, ಇರ್ತೀವಿ," ಎಂದಳು ಇಸ್ತ್ರಿಯವಳು. ಅವಳು ತಿದ್ದಿದ್ದು ಅದೊಂದನ್ನೇ. "ಇದನ್ನ ಮಾತ್ರ ತಪ್ಪಿಲ್ದೆ ಹೇಳ್ಬೇಕಲ್ವಾ ನೀನು? ಮತ್ತೆ ಹೇಳು."

"ಹೌದು. ತಪ್ಪು ಇದ್ರೆ ಅತ್ತೆ ತಪ್ಪು ಕೇಳ್ತಾರೆ. ಮಾತು ಕೇಳಲ್ಲ," ಎಂದಳು ಸೊಸೆ.

ಆ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಆ ವಾರವಿಡೀ ಅಕ್ಕ ಕಾರ್ಖಾನೆಯಲ್ಲಿ ಅಂಗಿ ಹಿಡಿದರೂ ಕಣ್ಣು ಎಲ್ಲೋ. ಹೊಲಿಗೆ ಸಾಲಿಗೆ ಒಂದೂ ಪೀಸು ವಾಪಸ್ಸು ಹೋಗದ್ದು ಕಂಡು, ಅಕ್ಕನಿಗೆ ಹುಷಾರಿಲ್ಲವೆಂದು ಹುಡುಗಿಯರು ಸೂಪರ್‌ವೈಸರಿಗೆ ಹೇಳಿದರು. ಮನೆಯಲ್ಲಿ ಸೊಸೆ ಎದುರಾದಾಗಲೆಲ್ಲ ಈಗ ಹೇಳುತ್ತಾಳೆ, ಇನ್ನೇನು ಹೇಳುತ್ತಾಳೆ ಎಂದು ಜೀವ ಹಿಡಿದುಕೊಂಡು ನಿಲ್ಲುತ್ತಿದ್ದಳು. ಸೊಸೆ ನೀರು ಕುಡಿದು ಹೋಗುತ್ತಿದ್ದಳು. ಹೋಗಬೇಡ ಎಂದು ಕನ್ನಡದಲ್ಲೇ ಅನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅನ್ನಬಹುದಿತ್ತು. ಆದರೆ ಇಷ್ಟು ದಿನ ಆ ಕನ್ನಡದಲ್ಲಿ ಹುಡುಗಿಗೆ ಕೇಳಿಸಿದ್ದು ತಿದ್ದುಪಡಿ ಒಂದೇ. ಅದೇ ಬಾಯಲ್ಲಿ ಬೇಡಿಕೊಳ್ಳಲು ಅಕ್ಕನಿಗೆ ಮುಖವಿರಲಿಲ್ಲ.

ಮುಂದಿನ ತರಗತಿ ಮುಗಿದ ಮೇಲೆ ಕಡ್ಡಿ ಟೀಚರನ್ನು ತಡೆದು ನಿಲ್ಲಿಸಿ, ನೀನು ಹೋಗಬೇಡ ಎನ್ನುವುದನ್ನು ಸ್ಪ್ಯಾನಿಷಿನಲ್ಲಿ ಹೇಗೆ ಹೇಳುವುದು ಎಂದು ಕೇಳಿದಳು.

"ಬೇಡ ಅನ್ನೋದು ಮೂರನೇ ಹಂತದಲ್ಲಿ ಬರುತ್ತೆ. ನೀವಿನ್ನೂ ಮೊದಲನೇ ಹಂತ," ಎಂದಳು ಟೀಚರ್, ಬೋರ್ಡು ಒರೆಸುತ್ತ. "ಈಗಲೇ ಕಲಿತರೆ ತಪ್ಪಾಗುತ್ತೆ."

ಹೊರಗೆ ಮೆಟ್ಟಿಲ ಮೇಲೆ ಡ್ರೈವರ್ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು. "ಅಕ್ಕಾ, ಹಂತ ಗಿಂತ ಬಿಡಿ. ಬಸ್ಸು ಕೆಟ್ಟರೆ ನಡ್ಕೊಂಡು ಹೋಗಲ್ವಾ? ಗೊತ್ತಿರೋದನ್ನ ಹೇಳಿ, ಉಳಿದದ್ದಕ್ಕೆ ಕೈ ತೋರಿಸಿ," ಎಂದ.

ಭಾನುವಾರ ಬೆಳಿಗ್ಗೆ ಸೊಸೆ ಕೋಣೆಯಿಂದ ಹೊರಗೆ ಬಂದಳು. ಅಕ್ಕ ಊಟದ ಮೇಜಿನ ಮುಂದೆ ಕೂತು ಬೇಳೆ ಆರಿಸುತ್ತಿದ್ದಳು. ಯಜಮಾನ ಕಿಟಕಿಯ ಬಳಿ ಪೇಪರ್ ಹಿಡಿದಿದ್ದ. ಹುಡುಗಿ ತಲೆ ಬಾಚಿ, ಒಳ್ಳೆಯ ಬಟ್ಟೆ ತೊಟ್ಟು, ಎದುರಿಗೆ ನಿಂತು ಕೈ ಕಟ್ಟಿಕೊಂಡಳು.

"ಅತ್ತೆ, ಬರೋ ತಿಂಗಳಿಂದ ನಾವು ಬೇರೆ ಮನೇಲಿ ಇರ್ತೀವಿ. ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ನಿಮ್ಮನ್ನ ಕಂಡ್ರೆ ಇಷ್ಟ. ಆದ್ರೆ ಇಲ್ಲಿ ನಂಗೆ ಮಾತು ಬರಲ್ಲ."

ಅಕ್ಕ ಬೇಳೆಯ ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಬದುಕಿನಲ್ಲಿ ಎಂದೂ ಇಲ್ಲದಷ್ಟು ಆಸೆಯಿಂದ ಆ ಮಾತಿನಲ್ಲೊಂದು ತಪ್ಪು ಹುಡುಕಿದಳು. ಒಂದೇ ಒಂದು ಸಿಕ್ಕಿದ್ದರೆ, ಇನ್ನೊಂದ್ಸಲ ಹೇಳು ಎನ್ನಬಹುದಿತ್ತು, ಹುಡುಗಿ ತಡವರಿಸುತ್ತಿದ್ದಳು, ಇವತ್ತಿನ ಮಟ್ಟಿಗಾದರೂ ಹೊರಡುವ ಮಾತು ಮುಂದಕ್ಕೆ ಹೋಗುತ್ತಿತ್ತು. ಮೊದಲಿನಿಂದ ಕೊನೆಯವರೆಗೆ ನೋಡಿದಳು. ಒಂದು ಎಳೆ ಆಚೀಚೆ ಇರಲಿಲ್ಲ.

"ಸರಿಯಾಗಿದೆ," ಎಂದಳು ಅಕ್ಕ. "ಒಂದೂ ತಪ್ಪಿಲ್ಲ."

ಈ ಮಾತು ಕೇಳಲು ಹುಡುಗಿ ವರ್ಷಕ್ಕೂ ಹೆಚ್ಚು ಕಾದಿದ್ದಳು. ಕೇಳಿದವಳೇ ಕೆನ್ನೆ ಒದ್ದೆ ಮಾಡಿಕೊಂಡಳು. ಅಕ್ಕ ತಟ್ಟೆ ಸರಿಸಿ ಎದ್ದು ನಿಂತಳು. ಆಮೇಲೆ 'ಪೋರ್ ಫಾವೋರ್', ಅಂದರೆ ದಯವಿಟ್ಟು, ಎಂದು ಆರಂಭಿಸಿ, ಸ್ಪ್ಯಾನಿಷಿನಲ್ಲಿ ಮಾತಾಡಿದಳು. ಆ ಭಾಷೆ ಬಲ್ಲ ಬೇರೆ ಯಾರಾದರೂ ಕೇಳಿದ್ದರೆ ಅದರಲ್ಲಿ ತಪ್ಪಲ್ಲದ ಪದ ಯಾವುದೆಂದು ಹುಡುಕಬೇಕಿತ್ತು. ಮನೆ ಎಂದಳು, ನಿನ್ನ ಎಂದಳು, ನಾನು ಎಂದಳು, ಶನಿವಾರದ ಬದಲು ಬುಧವಾರ ಎಂದಳು, ಕಲಿಯುವುದು ಎಂಬುದಕ್ಕೆ ತಿನ್ನುವುದು ಎಂದಳು, ಪದ ಮುಗಿದಲ್ಲಿ ಬಾಗಿಲು ತಟ್ಟುವಂತೆ ಗಾಳಿಯಲ್ಲಿ ಕೈ ಆಡಿಸಿದಳು. ನಿನ್ನ ಹೊಸ ಮನೆಗೆ ನಾನು ಬರಬಹುದೇ, ನಿನ್ನ ಹತ್ತಿರ ಮಾತಾಡಲು, ಕಲಿಯಲು, ಎಂಬುದು ಅದರ ಅರ್ಥ. ಅರ್ಥವಾಗಬೇಕಾದವಳಿಗೆ ಅರ್ಥವಾಯಿತು. ಅವಳು ಬೆರಳೆತ್ತಲಿಲ್ಲ. ಕೊನೆಯ ಪದದವರೆಗೂ, ಟಿಕೆಟ್ ಕಿಟಕಿಯ ಮುಂದೆ ನಿಂತ ಪ್ರಯಾಣಿಕಳೊಬ್ಬಳ ಕಷ್ಟ ಕೇಳುವಂತೆ, ಬಗ್ಗಿ ಕೇಳಿದಳು.

"ಬನ್ನಿ ಅತ್ತೆ," ಎಂದಳು. ಈ ಮಾತನ್ನು ಅವಳು ಎಲ್ಲೂ ಅಭ್ಯಾಸ ಮಾಡಿರಲಿಲ್ಲ, ಹಾಗಾಗಿ ಮುಂದಿನದು ಬಾಯಿಗೆ ಬಂದಂತೆ ಬಂತು. "ನಾನು ದಿನಾ ಕಾಯ್ತಾನೆ. ಆದ್ರೆ ನಮ್ಮ ಅಡುಗೆಮನೆ ತುಂಬಾ ಸಣ್ಣ ಹುಡುಗಿ."

ಕಿಟಕಿಯ ಬಳಿ ಪೇಪರ್ ಮೆಲ್ಲಗೆ ಕೆಳಗಿಳಿಯಿತು. ಯಜಮಾನ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅಕ್ಕನ ಕೈ ಕನ್ನಡಕದವರೆಗೆ ಹೋಯಿತು. ಅದನ್ನು ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇರಲಿ ಬಿಡೇ," ಎಂದಳು. "ಹೇಗೋ ನಾನೂ ಅದರೊಳಗೆ ಹಿಡಿಸ್ತೀನಿ."